ಕೊಪ್ಪಳದಿಂದ ತರಿಸಿದ ಮಾದರಿ

ಸಭೆಗೆ ನಮಸ್ಕಾರ. ಬೇವೂರಿನಿಂದ ಮೊದಲ ಬಸ್ಸಿಗೇ ಹೊರಟು ಬಂದ ಗಿರಿಜಾ ಅಕ್ಕೋರ ಹಿರಿಯಣ್ಣನವರಿಗೆ, ಅಳವಂಡಿಯಿಂದ ಹೊಲದ ಕೆಲಸ ಬಿಟ್ಟು ಬಂದ ಮೌಲಾಸಾಬರಿಗೆ, ಈ ಕಾಲೇಜಿಗೆ ಗೋಡೆ ಏಳುವ ಮೊದಲಿನಿಂದಲೂ ಬೆನ್ನಿಗೆ ನಿಂತ ಊರ ಹಿರಿಯರಿಗೆ ನನ್ನ ಕೃತಜ್ಞತೆಗಳು. ನೀವು ಎದುರಿಗೆ ಕುಳಿತಿರುವುದರಿಂದ ನನ್ನ ಮಾತು ಹದ ಮೀರದೆ ಉಳಿದೀತು ಎಂದುಕೊಂಡಿದ್ದೇನೆ. ಮೀರಿದರೆ ಅಲ್ಲಿಯೇ ಗದರಿಸಿ. ಮೊದಲ ಸಾಲಿನಲ್ಲಿ ರಾಜಧಾನಿಯ ಸಂಶೋಧನಾ ಸಂಸ್ಥೆಯಿಂದ ಬಂದ ಮೂವರು ಅತಿಥಿಗಳಿದ್ದಾರೆ. ಅವರಿಗೂ ನಮಸ್ಕಾರ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ರಸಾಯನಶಾಸ್ತ್ರದ ಗಿರಿಜಾ ಅವರನ್ನು, ನಮ್ಮ ಕಡೆ ಕಲಿಸುವ ಹೆಣ್ಣುಮಗಳನ್ನು ಕರೆಯುವ ವಾಡಿಕೆಯಂತೆ, ಊರೆಲ್ಲ ಅಕ್ಕೋರು ಎಂದೇ ಕರೆಯಿತು. ಅವರು ತೀರಿಕೊಂಡು ವರ್ಷವಾಯಿತು. ಅವರ ಬಗ್ಗೆ ನಾಲ್ಕು ಮಾತಾಡಿ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಇಷ್ಟು ವರ್ಷ ಎದುರುಬದುರು ಮೇಜಿನಲ್ಲಿ ಕುಳಿತವರ ಬಗ್ಗೆ ಮಾತಾಡುವುದು ನನಗೆ ಬರುವುದಿಲ್ಲ. ಅವರೊಡನೆ ಮಾತಾಡುವುದು ಬರುತ್ತದೆ, ಜಗಳವಾಡುವುದು ಇನ್ನೂ ಚೆನ್ನಾಗಿ ಬರುತ್ತದೆ. ಆದ್ದರಿಂದ ಅವರಿಗೆ ಬರೆದ ಪತ್ರವೊಂದನ್ನು ತಂದಿದ್ದೇನೆ. ಅದನ್ನೇ ಓದುತ್ತೇನೆ.

ಪೂಜ್ಯ ಅಕ್ಕೋರೇ,

ನಮ್ಮ ಪ್ರಯೋಗಾಲಯಕ್ಕೆ ಪಿಂಗಾಣಿ ಸುಡುವ ವಿದ್ಯುತ್ ಭಟ್ಟಿ ಬಂದ ದಿನ ನಿಮಗೆ ನೆನಪಿದೆಯೇ? ಲಾರಿಯಿಂದ ಇಳಿಸುತ್ತಿದ್ದ ಹಮಾಲರು, "ಇದರಾಗ ಏನೈತ್ರಿ ಅಕ್ಕೋರ, ಆನಿಮರಿ ಏನಾರ ಐತೇನು?" ಎಂದು ಕೇಳಿದ್ದರು. ಆಡಳಿತ ಮಂಡಳಿಯ ಸದಸ್ಯರೊಬ್ಬರು ಮಾತ್ರ ನಗಲಿಲ್ಲ. "ಹೆಣ್ಮಕ್ಕಳ ಕಾಲೇಜಿಗೆ ಭಟ್ಟಿ ಯಾಕ್ರಿ ಗಿರಿಜಾ ಮೇಡಂ? ಏನ್ ಸುಡ್ತೀರಿ ಇದರಾಗ?" ಎಂದರು. ನೀವು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದಲ ನಿಮ್ಮ ಸಂಶಯ ಸುಡ್ತೀವ್ರಿ. ಜಾಗಾ ಉಳಿದ್ರ ಆಮ್ಯಾಲ ಪಿಂಗಾಣಿ ಬಿಲ್ಲಿ ಇಡ್ತೀವಿ" ಎಂದಿರಿ. ಅಂದಿನಿಂದ ಆ ಕೋಣೆಯ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟುವುದು, ಕಾರ್ಖಾನೆಗಳ ಕರಿಬೂದಿ ಒಳಗೆ ಬಾರದಂತೆ ದಿನಕ್ಕೆರಡು ಬಾರಿ ಮೇಜು ಒರೆಸುವುದು ನಮ್ಮ ಮೊದಲ ಪಾಠವಾಯಿತು. ನಗರದ ಪ್ರಯೋಗಾಲಯದಲ್ಲಿ ಯಾರಿಗೂ ಕಲಿಸಬೇಕಾಗದ ಪಾಠ ಅದು. ನಮ್ಮ ಹುಡುಗಿಯರು ಅದನ್ನು ಗೊಣಗದೆ ಕಲಿತರು. ಆ ಸದಸ್ಯರ ಪ್ರಶ್ನೆ ಮಾತ್ರ ಬೇರೆ ಬೇರೆ ಬಾಯಿಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ, ಈ ವರ್ಷದವರೆಗೂ ನಮ್ಮನ್ನು ಹಿಂಬಾಲಿಸುತ್ತಲೇ ಬಂದಿದೆ.

ಶಾಹೀನ್ ಮೊದಲ ಬಾರಿ ಪ್ರಯೋಗಾಲಯಕ್ಕೆ ಕಾಲಿಟ್ಟ ದಿನ ಆ ಮಗು ನಿಮ್ಮನ್ನು ಅರ್ಧ ಗಂಟೆ ಕಾಡಿತು. ಅಳವಂಡಿಯ ಮೌಲಾಸಾಬರ ಮಗಳು, ಎಂ.ಎಸ್ಸಿ. ಮೊದಲ ವರ್ಷ, ಪ್ರಶ್ನೆ ಕೇಳದೆ ಕೂರಲು ಆಗದ ಹುಡುಗಿ. "ಪಿಂಗಾಣಿ ಅಂದ್ರ ಉಪ್ಪಿನಕಾಯಿ ಭರಣಿ ಅಲ್ಲೇನ್ರಿ ಅಕ್ಕೋರ? ಅದಕ್ಕೂ ಮೊಬೈಲಿಗೂ ಏನ್ ಸಂಬಂಧರಿ?" ಎಂದು ಕೇಳಿದಳು. ನೀವು ಹೇಳಿದ ಉತ್ತರವನ್ನು ಇಲ್ಲಿ ಕುಳಿತ ಹಿರಿಯರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಮೊಬೈಲ್ ಗೋಪುರದಲ್ಲಿ, ರೇಡಾರಿನಲ್ಲಿ, ಉಪಗ್ರಹದ ತಟ್ಟೆಯಲ್ಲಿ ರೇಡಿಯೋ ಅಲೆಗಳನ್ನು ಬೇಕಾದ ದಿಕ್ಕಿಗೆ ತಿರುಗಿಸಬೇಕು. ತಟ್ಟೆಯನ್ನೇ ಮೋಟಾರಿನಿಂದ ತಿರುಗಿಸುವುದು ಹಳೆಯ ದಾರಿ. ಕೆಲವು ಪಿಂಗಾಣಿಗಳಿಗೆ ವಿದ್ಯುತ್ತಿನ ಒತ್ತಡ ಕೊಟ್ಟರೆ ಸಾಕು, ಅವುಗಳ ಒಳಗುಣ ಬದಲಾಗಿ ಅಲೆ ತಾನಾಗಿಯೇ ದಿಕ್ಕು ಬದಲಿಸುತ್ತದೆ. ತಂತಿ ಬಿಗಿದಂತೆ ತಂಬೂರಿಯ ಶ್ರುತಿ ಬದಲಾಗುವಂತೆ, ವಸ್ತುವೇ ಶ್ರುತಿಗೊಳ್ಳುತ್ತದೆ.

"ಹಂಗಾದ್ರ ಕೆಲಸ ಮುಗೀತಲ್ರಿ?" ಎಂದಳು ಅವಳು. ಮುಗಿಯಲಿಲ್ಲ, ಅಲ್ಲವೇ? ಬೇರಿಯಂ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಆ ಪಿಂಗಾಣಿ ಮಹಾ ಚುರುಕು. ಒತ್ತಡಕ್ಕೆ ಕೂಡಲೇ ಓಗೊಡುತ್ತದೆ. ಆದರೆ ಅಲೆಯ ಬಲದಲ್ಲಿ ಒಂದು ಪಾಲನ್ನು ತಾನೇ ಕುಡಿದು ಬಿಸಿಯಾಗುತ್ತದೆ. ಅದರ ಜೊತೆಗೆ ಮೆಗ್ನೀಷಿಯಂ ಆಕ್ಸೈಡ್ ಎಂಬ ಶಾಂತ ಪುಡಿಯನ್ನು ಬೆರೆಸಿದರೆ ಆ ನಷ್ಟ ತಗ್ಗುತ್ತದೆ, ಆದರೆ ಚುರುಕೂ ತಗ್ಗುತ್ತದೆ. ಎಷ್ಟು ಬೆರೆಸಬೇಕು, ಎರಡರ ಕಣಗಳು ಅಕ್ಕಪಕ್ಕದಲ್ಲಿ ಹೇಗೆ ಕೂರಬೇಕು ಎಂಬುದೇ ವಿನ್ಯಾಸ. ಶಾಹೀನ್ ತುಸು ಯೋಚಿಸಿ, "ಒಂದು ಓಡೋ ಎತ್ತು, ಒಂದು ನಿಲ್ಲೋ ಎತ್ತು. ನೊಗ ಹೆಂಗ ಕಟ್ತೀವಿ ಅನ್ನೋದೇ ಪ್ರಶ್ನೆ ಅನ್ರಿ ಹಂಗಾರ" ಎಂದಳು. ನೀವು ನನ್ನತ್ತ ತಿರುಗಿ, "ತಮ್ಮಾ, ಈಕಿನ್ನ ಬಿಡಬ್ಯಾಡ" ಎಂದಿರಿ. ಬಿಟ್ಟಿಲ್ಲ, ಅಕ್ಕೋರೇ. ಆದರೆ ಅವಳ ಕೈಯಿಂದ ಅವಳದನ್ನು ಬಿಡಿಸಿಕೊಳ್ಳಲು ಬಂದವರು... ಆ ಮಾತು ಆಮೇಲೆ.

ತ್ರೀ ಫೇಸ್ ಕೈಕೊಟ್ಟ ಆ ಮಧ್ಯಾಹ್ನವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಾಲೇಜು ಊರ ಹೊರಗೆ, ಹೊಲದ ಪಂಪ್‌ಸೆಟ್ಟುಗಳ ಲೈನಿನ ಮೇಲಿದೆ. ದಿನದಲ್ಲಿ ಕೆಲವು ತಾಸು ಮಾತ್ರ ತ್ರೀ ಫೇಸ್ ಕರೆಂಟ್, ಉಳಿದ ಹೊತ್ತು ದೀಪಕ್ಕೆ ಸಾಲುವಷ್ಟು ಸಿಂಗಲ್ ಫೇಸ್. ಇದನ್ನು ಹೊಲದ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ. ಶಾಹೀನ್ ಒತ್ತಿ ಮಾಡಿದ ಬಿಲ್ಲೆಗಳು, ಅಂದರೆ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ತೆಗೆದ ಮಾತ್ರೆಯಂಥ ಚಕ್ರಗಳು, ಭಟ್ಟಿಯೊಳಗಿದ್ದವು. ಶಾಖ ಸಾವಿರದ ಮುನ್ನೂರು ಡಿಗ್ರಿ ದಾಟಿ ಶಿಖರ ಮುಟ್ಟಿದ ಹೊತ್ತಿಗೆ ಸರಿಯಾಗಿ ತ್ರೀ ಫೇಸ್ ಹೋಯಿತು. ಭಟ್ಟಿಯ ಮೂರು ಸುರುಳಿಗಳಲ್ಲಿ ಒಂದೇ ಉರಿಯತೊಡಗಿತು. ಶಾಖ ಇಳಿಯಿತು. ನಾನು ಸ್ವಿಚ್ಚಿಗೆ ಕೈಹಾಕಿದೆ. "ಕೈ ತಗೀ" ಎಂದು ನೀವು ಗದರಿದಿರಿ. "ಕೆಟ್ಟದ್ದು ಹೆಂಗೂ ಕೆಟ್ಟೈತಿ. ಇದ್ದಷ್ಟು ಉರಿಯಾಗ ಎಷ್ಟು ಕೆಡ್ತೈತೋ ನೋಡೂಣು. ಪೂರಾ ಕೆಟ್ಟ ಮ್ಯಾಲ ಯಾಕ ಕೆಟ್ತು ಅಂತರ ತಿಳೀತೈತಿ." ಕೆಡಲಿಲ್ಲ. ಮರುದಿನ ಹೊರಬಂದ ಬಿಲ್ಲೆಗಳನ್ನು ನೀವು ಬೆರಳಿನಿಂದ ತಟ್ಟಿ ಸದ್ದು ಕೇಳಿದಿರಿ. ಹಿಂದೆಂದೂ ಕೇಳದಷ್ಟು ಗಟ್ಟಿಯಾದ ಸದ್ದು ಅದು.

ಆಮೇಲಿನ ವಾರಗಳಲ್ಲಿ ಶಾಹೀನ್ ಮಾಡಿದ್ದು ಅದೃಷ್ಟವಲ್ಲ, ವಿಜ್ಞಾನ. ಇದನ್ನು ನಾನು ಮೊದಲ ಸಾಲಿನತ್ತ ನೋಡುತ್ತಲೇ ಓದುತ್ತಿದ್ದೇನೆ. ಶಿಖರದ ಶಾಖದಲ್ಲಿ ಬಹಳ ಹೊತ್ತು ಇಟ್ಟರೆ ಕಣಗಳು ಊದುತ್ತವೆ, ಶಾಂತ ಪುಡಿ ಮೂಲೆಗಳಿಗೆ ಸರಿದು ಗುಂಪುಗೂಡುತ್ತದೆ. ಶಿಖರ ಮುಟ್ಟಿಸಿ ಕೂಡಲೇ ಇಳಿಸಿ, ಕೆಳಗಿನ ಶಾಖದಲ್ಲಿ ದೀರ್ಘಕಾಲ ಇಟ್ಟರೆ ಕಣಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಸಂದುಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಎರಡು ಹಂತದ ಈ ಸುಡುವಿಕೆ ಪುಸ್ತಕಗಳಲ್ಲಿದೆ. ಆದರೆ ಈ ಬೆರಕೆಗೆ ಯಾವ ಶಿಖರ, ಎಷ್ಟು ಇಳಿತ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಅದನ್ನು ಹುಡುಕಿದ ಬಗೆಯೋ! ಅವಳ ತಂದೆ ಹೇಗೆ ತ್ರೀ ಫೇಸ್ ಇರುವಷ್ಟರಲ್ಲಿ ದೂರದ ಮಡಿಗೆ ನೀರು ಮುಟ್ಟಿಸುತ್ತಾರೋ, ಹಾಗೆ ಇವಳು ತ್ರೀ ಫೇಸ್ ಹೋಗುವ ವೇಳೆಗೆ ಭಟ್ಟಿಯನ್ನು ಶಿಖರಕ್ಕೆ ತಂದು ನಿಲ್ಲಿಸುತ್ತಿದ್ದಳು. "ಸರ, ಮಂದಿ ಕರೆಂಟ್ ಬಂದ್ರ ಖುಷಿ ಪಡ್ತಾರ. ನಾ ಒಬ್ಬಾಕಿ ಹೋಗೂದನ್ನ ಕಾಯ್ತೀನಿ ನೋಡ್ರಿ" ಎಂದು ನಗುತ್ತಿದ್ದಳು. ನೀವು ಆಗಲೇ ಆಯಾಸದಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಲ್ಲಿಂದಲೇ, "ಬೆರಕಿ ಬದಲಿಸಿ ಸುಡು, ಆಮ್ಯಾಲ ನಗು" ಎನ್ನುತ್ತಿದ್ದಿರಿ.

ಬಿಲ್ಲೆಗಳನ್ನು ಹತ್ತಿಯಲ್ಲಿ ಸುತ್ತಿ ರಾಜಧಾನಿಗೆ ಕಳಿಸಿದ ದಿನ ನೀವು ಆಸ್ಪತ್ರೆಯಲ್ಲಿದ್ದಿರಿ. ರೇಡಿಯೋ ಅಲೆಯಲ್ಲಿ ಅವನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಅಲ್ಲಿನ ಸಂಶೋಧನಾ ಸಂಸ್ಥೆಯವರು ಅಳೆದುಕೊಡಲು ಒಪ್ಪಿದ್ದರು. ಬೆರಕೆಯ ಪ್ರಮಾಣವಷ್ಟೇ ಕೇಳಿದರು, ಸುಟ್ಟ ಬಗೆ ಕೇಳಲಿಲ್ಲ. "ಬಂತೇನೋ ತಮ್ಮಾ ಫಲಿತಾಂಶ?" ಎಂದು ನೀವು ಹೋದಾಗಲೆಲ್ಲ ಕೇಳಿದಿರಿ. ಬಂದಿರಲಿಲ್ಲ. ಅದು ಬರುವ ಮೊದಲೇ ನೀವು ಹೋದಿರಿ. ನಿಮಗೆ ತಿಳಿಯದೇ ಹೋದ ಸುದ್ದಿಯನ್ನು ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ. ಒತ್ತಡ ಏರಿಸಿದಂತೆ ಬಿಲ್ಲೆಯ ಗುಣ ಸರಾಗವಾಗಿ ಬದಲಾಯಿತು, ಇಳಿಸಿದಾಗ ಮೊದಲಿನ ಜಾಗಕ್ಕೆ ಮರಳಿತು. ಬಿಸಿಯಾಗಿ ಪೋಲಾದ ಅಲೆ ತೀರ ಕಡಿಮೆ. ಚುರುಕಿನ ಎತ್ತು, ಶಾಂತ ಎತ್ತು ಎರಡೂ ಒಂದೇ ಹೆಜ್ಜೆಯಲ್ಲಿ ನಡೆದವು. ನೀವು ಇನ್ನು ಕೆಲವೇ ವಾರ ಇದ್ದಿದ್ದರೆ... ಇರಲಿ.

ನೀವು ಹೋದ ಮೇಲೆ ನಡೆದ ವಿಚಾರಗೋಷ್ಠಿಯ ಬೆಳಿಗ್ಗೆ ಹುಡುಗಿಯರೆಲ್ಲ ಪ್ರಯೋಗಾಲಯದ ಗೋಡೆಯ ಪರದೆಯ ಮುಂದೆ ಸೇರಿದ್ದರು. ಸಂಸ್ಥೆಯ ಪ್ರಾಧ್ಯಾಪಕರು ಶ್ರುತಿಗೊಳ್ಳುವ ಪಿಂಗಾಣಿಗಳ ಕುರಿತು ಆನ್‌ಲೈನಿನಲ್ಲಿ ಮಾತಾಡುವವರಿದ್ದರು. ನಮ್ಮ ಬಿಲ್ಲೆಯ ಚಿತ್ರ ಪರದೆಯ ಮೇಲೆ ಬಂದಾಗ ಹಿಂದಿನ ಸಾಲಿನಲ್ಲಿ ಚಪ್ಪಾಳೆ ಎದ್ದಿತು. "ಲೇ ಶಾಹೀನ, ನಿನ್ನ ಬಿಲ್ಲಿ ನಿನಗಿಂತ ಮೊದಲ ಟಿವ್ಯಾಗ ಬಂದ್ವಲ್ಲೇ!" ಎಂದು ಯಾರೋ ಕೂಗಿದರು. ಚಿತ್ರದ ಕೆಳಗೆ ಸಂಸ್ಥೆಯವರ ಐದು ಹೆಸರುಗಳಿದ್ದವು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರ ಅರ್ಥ ಇಷ್ಟೇ: ಕೊಪ್ಪಳದಿಂದ ತರಿಸಿದ ಮಾದರಿ. ಚಪ್ಪಾಳೆ ಒಂದೊಂದಾಗಿ ನಿಂತಿತು. ಶಾಹೀನ್ ಎದ್ದು ಕಿಟಕಿಯ ಒಣಗಿದ ಬಟ್ಟೆಯನ್ನು ಬಿಚ್ಚಿ, ಒದ್ದೆ ಮಾಡಿ, ಮತ್ತೆ ಕಟ್ಟಿದಳು. ಬಹಳ ಹೊತ್ತು ಕಟ್ಟಿದಳು.

ತರಿಸಿದ ಮಾದರಿ! ಈ ಜಿಲ್ಲೆಯಿಂದ ಮಣ್ಣಿನ ಮಾದರಿ ತರಿಸುತ್ತಾರೆ, ನೀರಿನ ಮಾದರಿ ತರಿಸುತ್ತಾರೆ. ಕುಷ್ಟಗಿ ಕಡೆಯ ಕಲ್ಲು ಒಯ್ಯುತ್ತಾರೆ, ಗಂಗಾವತಿಯ ಭತ್ತ ಒಯ್ಯುತ್ತಾರೆ. ಒಯ್ಯಲಿ. ಆದರೆ ಆ ಬಿಲ್ಲೆ ಯಾವ ಗುಡ್ಡವನ್ನು ಅಗೆದಾಗ ಸಿಕ್ಕಿತು? ಯಾವ ಗದ್ದೆಯಲ್ಲಿ ತೆನೆ ಬಿಟ್ಟಿತು? ಅದನ್ನು ಒಬ್ಬಳು ಯೋಚಿಸಿದ್ದಳು. ಇಷ್ಟು ಬೆರಕೆ, ಇಷ್ಟು ಒತ್ತು, ಇಷ್ಟು ಶಾಖ ಎಂದು ತೂಗಿ ತೂಗಿ ಕಟ್ಟಿದ್ದಳು. ಯೋಚಿಸುವುದು ರಾಜಧಾನಿಯ ಕೆಲಸ, ವಸ್ತು ಒದಗಿಸುವುದು ಕೊಪ್ಪಳದ ಕೆಲಸ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ನಾನು ಸಂಸ್ಥೆಗೆ ಫೋನ್ ಮಾಡಿದೆ. "ಲೇಖನದ ಕೊನೆಯ ಕೃತಜ್ಞತೆಯಲ್ಲಿ ನಿಮ್ಮ ಕಾಲೇಜಿನ ಹೆಸರು ಹಾಕೋಣ ಸರ್, ಅದಕ್ಕೇನಂತೆ" ಎಂದು ಸೌಜನ್ಯದಿಂದ ಉತ್ತರಿಸಿದರು. ಆ ಸೌಜನ್ಯವೇ ನನ್ನನ್ನು ಇನ್ನೂ ಕೆರಳಿಸಿತು. ಕದಿಯುತ್ತಿದ್ದೇವೆ ಎಂಬ ಅರಿವಿದ್ದವರ ಜೊತೆ ಜಗಳವಾಡಬಹುದು. ಕದ್ದದ್ದೇ ಗೊತ್ತಿಲ್ಲದವರ ಜೊತೆ ಹೇಗೆ ಆಡುವುದು?

ಸಂದರ್ಶನ ಮುಗಿಸಿ ಬಂದ ಶಾಹೀನ್ ನಿಮ್ಮ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತೇ ಮಾತಾಡಿದಳು. ಪಿಎಚ್.ಡಿ. ಸೀಟಿಗಾಗಿ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. "ಈ ಕೆಲಸ ನಂದು ಅಂದೆ ಸರ. ಅವರು ಆ ಗೋಷ್ಠಿ ಲೇಖನ ತಗದು ನೋಡಿದ್ರು. ಇದರಾಗ ನಿನ್ನ ಹೆಸರೆಲ್ಲೈತಿ ಅಂತ ಕೇಳಿದ್ರು. ಬಿಲ್ಲಿ ನಾ ಮಾಡೀನ್ರಿ ಅಂದೆ. ಅಂಗಡ್ಯಾಗಿಂದು ಭರಣಿ ಹಿಡಕೊಂಡು ಬಂದು ನಾನೇ ಮಾಡೀನಿ ಅಂದ್ರ ನಂಬೂಣೇನವಾ ಅಂದ್ರು ಒಬ್ಬರು. ಎಲ್ಲಾರೂ ನಕ್ಕರು." ಪ್ರವೇಶ ಮುಗಿಯುವುದರೊಳಗೆ ತನ್ನ ಕೆಲಸವೆಂಬುದಕ್ಕೆ ಆಧಾರ ತಂದರೆ ಸೀಟು, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದ್ದರು. ಆ ನಗು ನನಗೆ ಕೇಳಿಸಿತು, ಅಕ್ಕೋರೇ. ನಾನು ಆ ಕೋಣೆಯಲ್ಲಿರಲಿಲ್ಲ, ಆದರೂ ಕೇಳಿಸಿತು.

ಮೌಲಾಸಾಬರು ಅದೇ ವಾರ ಕಾಲೇಜಿಗೆ ಬಂದರು. ಎದುರಿಗೇ ಕುಳಿತಿದ್ದಾರೆ, ಅವರ ಮಾತನ್ನು ಅವರೆದುರೇ ಓದುವುದಕ್ಕೆ ಒಪ್ಪಿಗೆ ಪಡೆದಿದ್ದೇನೆ. "ಸರ, ಮಗಳನ್ನ ಓದಸಂಗಿಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ದುಡಿದಾಕಿ ಒಬ್ಬಾಕಿ, ಹೆಸರು ಇನ್ನೊಬ್ಬರದು ಅಂದ್ರ ಅದೆಂಥಾ ಸಾಲಿರಿ? ನಮ್ಮ ಹೊಲದಾಗ ಒಂದಿನ ಕಳೆ ತಗದ ಹೆಣ್ಮಗಳನ್ನೂ ಸಂಜೀಕ ಹೆಸರು ಹಿಡಿದು ಕರೀತೀವಿ. ನಿಮ್ಮ ದೊಡ್ಡ ಸಾಲ್ಯಾಗ ಅಷ್ಟೂ ಇಲ್ಲೇನು?" ಸೀಟು ಸಿಗದಿದ್ದರೆ ಬಿ.ಎಡ್. ಮಾಡಿಸಿ ಊರ ಹತ್ತಿರದ ಶಾಲೆಗೆ ಸೇರಿಸುತ್ತೇನೆ, ಅದೇ ಮರ್ಯಾದೆಯ ಕೆಲಸ ಎಂದರು. ಶಾಲೆಯಲ್ಲಿ ಕಲಿಸುವುದು ಮರ್ಯಾದೆಯ ಕೆಲಸ ಹೌದು. ಅದನ್ನು ಅವಳು ಆರಿಸಿಕೊಂಡಿದ್ದರೆ ಮೊದಲು ನಾನೇ ಹರಸುತ್ತಿದ್ದೆ. ಆದರೆ ತನ್ನದನ್ನು ಕಸಿದುಕೊಂಡರು ಎಂಬ ಕಾರಣಕ್ಕೆ ಅವಳು ಅಲ್ಲಿಗೆ ಹೋಗಬೇಕೇ?

ನಿಮ್ಮ ಕುಷ್ಟಗಿಯ ಬಿಲ್ಲೆಗಳು ಅಂದು ನೆನಪಾದವು. ಇಲ್ಲಿಂದ ನನ್ನ ಜಗಳ ನಿಮ್ಮೊಡನೆಯೇ. ಆ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್, ಮಕ್ಕಳ ಹಲ್ಲೆಲ್ಲ ಕಂದು. ನೀವು ಊರ ಮಣ್ಣನ್ನೇ ಹದಮಾಡಿ ಸುಟ್ಟು, ನೀರು ಸೋಸುವ ಬಿಲ್ಲೆ ಮಾಡಿದಿರಿ. ಎಲ್ಲಿಂದಲೋ ಬಂದ ವಿದ್ವಾಂಸರೊಬ್ಬರು ಅದನ್ನು ತಮ್ಮ ಹೆಸರಿನಲ್ಲಿ ಬರೆದುಕೊಂಡರು. ನಾನು ಕೂಗಾಡಿದಾಗ ನೀವು, "ನೀರು ಕುಡಿದವ್ರು ಹೆಸರು ಕೇಳ್ತಾರೇನೋ ತಮ್ಮಾ? ಕೆಲಸ ಉಳಿದ್ರ ಸಾಕು, ಹೋಗ್ಲಿ ಬಿಡು" ಎಂದಿರಿ. ನಿಮ್ಮ ದೊಡ್ಡತನಕ್ಕೆ ತಲೆಬಾಗಿ ಸುಮ್ಮನಾದೆ. ಆದರೆ ಕೆಲಸ ಉಳಿಯಿತೇ? ಮುಂದಿನ ವರ್ಷ ಆ ಬಿಲ್ಲೆಗಳ ಸಂದು ಕಟ್ಟಿ ನೀರು ಸೋಸುವುದು ನಿಂತಿತು. ಹಳ್ಳಿಯವರು ಲೇಖನದಲ್ಲಿದ್ದ ಹೆಸರಿಗೆ ಬರೆದು ಬರೆದು ಸೋತರು. ಆ ಹೆಸರಿನವರಿಗೆ ಬಿಲ್ಲೆ ಸುಡುವುದೇ ಗೊತ್ತಿರಲಿಲ್ಲ. ಗೊತ್ತಿದ್ದ ನೀವು ಇಪ್ಪತ್ತು ಮೈಲಿ ದೂರದಲ್ಲಿದ್ದಿರಿ, ನಿಮ್ಮನ್ನು ಕೇಳಬೇಕೆಂದು ಯಾರಿಗೂ ತಿಳಿಯಲಿಲ್ಲ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವರು ಆ ಬಿಲ್ಲೆಗಳನ್ನು ಕಿತ್ತು ಎಸೆದಿದ್ದರು.

ಹೆಸರು ಎಂದರೆ ಹೊಗಳಿಕೆ ಎಂದು ನೀವು ತಿಳಿದಿರಿ, ಅದಕ್ಕೇ ಬೇಡವೆಂದಿರಿ. ಕೆಟ್ಟಾಗ ಯಾರನ್ನು ಕರೆಯಬೇಕು, ತಪ್ಪಾದಾಗ ಯಾರು ಉತ್ತರ ಕೊಡಬೇಕು ಎಂಬುದೂ ಹೆಸರಿನಲ್ಲೇ ಇದೆಯಲ್ಲವೇ? ನೀವು ಬಿಟ್ಟುಕೊಟ್ಟದ್ದು ನಿಮ್ಮೊಬ್ಬರ ಪಾಲನ್ನಷ್ಟೇ ಅಲ್ಲ. ಈ ನೆಲದಲ್ಲಿ ಕೇಳುವವರಿಲ್ಲ, ಒಯ್ದರೆ ನಡೆಯುತ್ತದೆ ಎಂಬ ದಾರಿಯೊಂದು ನಿಮ್ಮ ಔದಾರ್ಯದ ಮೇಲೆ ಬಿತ್ತು. ಆ ದಾರಿಯಲ್ಲೇ ನಡೆದು ಬಂದು ಶಾಹೀನಳ ಬಿಲ್ಲೆ ಎತ್ತಿಕೊಂಡು ಹೋದರು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನಿಮ್ಮನ್ನು ಸತ್ತವರೆಂದು ಮನಸ್ಸು ಒಪ್ಪಿದ ದಿನ ಆ ಮಾತನ್ನು ಪಾಲಿಸುತ್ತೇನೆ.

ಸಂಸ್ಥೆಯಿಂದ ಮತ್ತೆ ಫೋನ್ ಬಂದದ್ದು ಕಳೆದ ತಿಂಗಳು. ಈ ಸಲ ದನಿ ಬೇರೆಯಾಗಿತ್ತು. ಅದೇ ಬೆರಕೆಯಿಂದ ತಾವೇ ಬಿಲ್ಲೆ ಮಾಡಿ ನೋಡಿದ್ದರು. ಅವರ ಭಟ್ಟಿಗೆ ಎಂದೂ ಕರೆಂಟ್ ಹೋಗುವುದಿಲ್ಲ, ಶಿಖರದ ಶಾಖದಲ್ಲಿ ಅಲುಗದೆ ನಿಲ್ಲುತ್ತದೆ. ಬಿಲ್ಲೆಗಳು ಮಾತ್ರ ಒಂದೂ ಶ್ರುತಿಗೆ ಬರಲಿಲ್ಲ. "ನೀವು ಹೇಗೆ ಸುಟ್ಟಿರಿ ಅಂತ ಸ್ವಲ್ಪ ಬರೆದು ಕಳಿಸಿಕೊಡಿ ಸರ್" ಎಂದರು ಪ್ರಾಧ್ಯಾಪಕರು. ನನ್ನ ಬಾಯಿಗೆ ಬಂದ ಉತ್ತರ ಈ ಸಭೆಗೆ ತಕ್ಕುದಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಶಾಹೀನ್ ಕೈ ಚಾಚಿ ಫೋನ್ ಇಸಿದುಕೊಂಡಳು.

"ನಮಸ್ಕಾರ ಸರ್, ನಾ ಶಾಹೀನ್. ಬಿಲ್ಲಿ ಮಾಡಿದಾಕಿ."

"ಹಾಂ, ಹೇಳಮ್ಮಾ. ಸುಡೋ ಕ್ರಮ ಕಳಿಸ್ತೀಯಾ?"

"ಕಳಸಂಗಿಲ್ರಿ ಸರ್. ತೋರಿಸ್ತೀನ್ರಿ. ಇಲ್ಲೇ ಬರ್ರಿ."

"ಅಷ್ಟು ದೂರ ಯಾಕಮ್ಮಾ? ಫೋನಲ್ಲೇ ಹೇಳು, ಬರ್ಕೋತೀನಿ."

"ಫೋನಿನ್ಯಾಗ ನಮ್ಮ ಕರೆಂಟ್ ಕಾಣಂಗಿಲ್ರಿ ಸರ್. ನಿಮ್ಮ ಅಳತಿ ಯಂತ್ರಾನೂ ತಗೊಂಡು ಬರ್ರಿ. ನಿಮ್ಮ ಮುಂದನ ಸುಡ್ತೀನಿ, ನೀವು ನನ್ನ ಮುಂದನ ಅಳೀರಿ. ಛಲೋ ಬಂದ್ರ ಲೇಖನ ತಿದ್ರಿ. ಬರಲಿಲ್ಲಾ ಅಂದ್ರ, ಶಾಹೀನ್ ಸುಟ್ಟಿದ್ದು ಕೆಟ್ತು ಅಂತ ಬರೀರಿ. ಹೆಸರು ಮಾತ್ರ ಬರೀರಿ."

ಯಾವ ದಿನ ಬರಬೇಕೆಂದು ಪ್ರಾಧ್ಯಾಪಕರು ಕೇಳಿದರು. ಫೋನ್ ಇಟ್ಟ ಮೇಲೆ ನಾನು ಅವಳನ್ನು ಕೇಳಿದೆ, ಸುಡುವ ಕ್ರಮವನ್ನು ಹೆಸರಿನ ಷರತ್ತು ಹಾಕಿ ಕಳಿಸಬಹುದಿತ್ತಲ್ಲ? ಸುಲಭವಿತ್ತಲ್ಲ? "ಕಳಿಸಿದ್ರ ಅದೂ ಕೊಪ್ಪಳದಿಂದ ತರಿಸಿದ ಮಾತು ಆಗ್ತಿತ್ರಿ ಸರ" ಎಂದಳು. ಅಕ್ಕೋರೇ, ನೀವು ಹೋಗ್ಲಿ ಬಿಡು ಎಂದಲ್ಲಿ, ನಾನು ಕೂಗಾಡಿ ಸುಮ್ಮನಾದಲ್ಲಿ, ಈ ಹುಡುಗಿ ಬರ್ರಿ ಎಂದಳು. ನಮ್ಮಿಬ್ಬರಿಗೂ ಇಷ್ಟು ವರ್ಷ ಈ ಒಂದು ಮಾತು ಯಾಕೆ ಹೊಳೆಯಲಿಲ್ಲ?

ನಿನ್ನೆ ಅವರು ಬಂದರು. ಯಂತ್ರವನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಕಾರಿನಲ್ಲಿ ಬಂದರು. ಅತಿಥಿಗಳೇ, ನೀವು ಬಂದದ್ದಕ್ಕೆ ನಿಮ್ಮನ್ನು ಗೌರವಿಸುತ್ತೇನೆ. ಬಾರದೆ ಉಳಿಯುವುದು ನಿಮಗೆ ಎಷ್ಟು ಸುಲಭವಿತ್ತೆಂದು ನನಗೆ ಗೊತ್ತು. ಆದರೆ ಗೌರವವಿದೆ ಎಂದು ಸಿಟ್ಟನ್ನು ಮುಚ್ಚಿಡಲಾರೆ. ಬೆರಕೆ ತೂಗಿದ್ದು, ಬಿಲ್ಲೆ ಒತ್ತಿದ್ದು ಎಲ್ಲವನ್ನೂ ಶಾಹೀನ್ ನಿಮ್ಮ ಕಣ್ಣೆದುರೇ ಮಾಡಿದ್ದಾಳೆ. ಇಂದು ಸುಡುತ್ತಾಳೆ. ನಾಳೆ ತಣ್ಣಗಾದ ಬಿಲ್ಲೆಗೆ ಬೆಳ್ಳಿಯ ಲೇಪ ಹಚ್ಚಿ ನೀವು ಅಳೆಯುತ್ತೀರಿ. ಫಲಿತಾಂಶ ಒಳ್ಳೆಯದಾದರೆ ತಿದ್ದಿದ ಲೇಖನದಲ್ಲಿ ಶಾಹೀನಳ ಹೆಸರು ಮೊದಲು ಬರುತ್ತದೆ ಎಂದು ಪ್ರಾಂಶುಪಾಲರ ಎದುರು ಮಾತು ಕೊಟ್ಟಿದ್ದೀರಿ, ಆ ಮಾತನ್ನು ಸಂದರ್ಶನ ಸಮಿತಿಗೂ ತಿಳಿಸುತ್ತೇವೆಂದಿದ್ದೀರಿ. ಎರಡನೆಯ ಹೆಸರು ಯಾರದಿರಬೇಕೆಂದು ಶಾಹೀನ್ ಒಂದು ಚೀಟಿಯಲ್ಲಿ ಬರೆದು ನಿಮಗೆ ಕೊಟ್ಟಿದ್ದಾಳೆ. ಅಕ್ಕೋರೇ, ಅದು ನಿಮ್ಮದು. ಬೇಡವೆನ್ನುವ ಅವಕಾಶ ಈಗ ನಿಮಗಿಲ್ಲ.

ಬಿಲ್ಲೆ ಬಿರಿಯಬಹುದು. ನಾನು ನಿಮಗೆ ಸುಳ್ಳು ಹೇಳಲಾರೆ. ಅಚ್ಚು ಹಳೆಯದು, ಸುರುಳಿ ಹಳೆಯದು, ಕರೆಂಟ್ ಯಾರ ಮಾತನ್ನೂ ಕೇಳುವುದಿಲ್ಲ. ನಾಳೆ ಈ ಹೊತ್ತಿಗೆ ಶಾಹೀನಳಿಗೆ ಸೀಟು ಸಿಗುವ ದಾರಿ ತೆರೆದಿರಬಹುದು, ಮುಚ್ಚಿರಲೂಬಹುದು. ಮುಚ್ಚಿದರೆ ಇನ್ನೊಂದು ಸಲ ಸುಡುತ್ತೇವೆ, ಇನ್ನೊಂದು ಬಾಗಿಲು ಬಡಿಯುತ್ತೇವೆ. ನನಗೆ ನಿವೃತ್ತಿ ಹತ್ತಿರವಾಗುತ್ತಿದೆ. ಅದರೊಳಗೆ ಮಾಡಿ ಮುಗಿಸುವ ಒಂದು ಮಾತನ್ನು ನಿಮಗೆ ಕೊಡುತ್ತೇನೆ. ಇನ್ನು ಮುಂದೆ ನಮ್ಮ ಕೋಣೆಯಿಂದ ಹೊರಗೆ ಹೋಗುವ ಯಾವ ಬಿಲ್ಲೆಯೂ ಮಾಡಿದವಳ ಹೆಸರಿಲ್ಲದೆ ಹೋಗುವುದಿಲ್ಲ. ಬಿರಿದ ಬಿಲ್ಲೆಯೂ ಹೆಸರಿಲ್ಲದೆ ಹೋಗುವುದಿಲ್ಲ. ನಿಮ್ಮ ಎಲ್ಲ ಮಾತುಗಳನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದೇನೆ. ಹೋಗ್ಲಿ ಬಿಡು ಎಂಬ ಆ ಒಂದು ಮಾತನ್ನು ಇಂದು ಎಲ್ಲರೆದುರು ಮುರಿಯುತ್ತಿದ್ದೇನೆ.

ಪತ್ರ ಮುಗಿಯಿತು, ಸಿಟ್ಟು ಮುಗಿದಿಲ್ಲ. ಉಳಿದದ್ದನ್ನು ಕೆಲಸಕ್ಕೆ ಹಾಕುತ್ತೇವೆ.

ನಿಮ್ಮ ತಮ್ಮ,
ವಿರೂಪಾಕ್ಷ

ಈಗ ಹುಡುಗಿಯರಿಗೆ ಎರಡು ಮಾತು. ಈ ವರ್ಷ ಹೊಸದಾಗಿ ಯಲಬುರ್ಗಾದಿಂದ, ಮರಳಿ ಊರಿನಿಂದ ಬಂದು ಸೇರಿದವರು ಹಿಂದೆ ನಿಂತಿದ್ದೀರಿ. ನಿಮಗೆ ಅಕ್ಕೋರು ಗೊತ್ತಿಲ್ಲ, ಗೋಡೆಯ ಮೇಲಿನ ಚಿತ್ರ ಮಾತ್ರ ಗೊತ್ತು. ಚಿತ್ರಕ್ಕೆ ಕೈಮುಗಿದು ಮನೆಗೆ ಹೋಗುವ ದಿನ ಇದಲ್ಲ. ಹಿರಿಯರೇ, ನೀವೂ ಬನ್ನಿ. ಮೌಲಾಸಾಬರೇ, ನೀವು ಮುಂದೆ ನಿಂತು ನೋಡಬೇಕು. ಅತಿಥಿಗಳೇ, ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಬನ್ನಿ, ಅದು ಈ ಕೋಣೆಯ ನಿಯಮ. ಯಾರು ಒಳಗೆ ಏನು ಮಾಡಬೇಕೆಂದು ಶಾಹೀನ್ ಹೇಳುತ್ತಾಳೆ. ನಾನೂ ಸೇರಿದಂತೆ ಎಲ್ಲರೂ ಕೇಳೋಣ.

ಏಳ್ರವ್ವಾ. ಶಾಹೀನ್, ಬಾಗಿಲು ತಗೀ. ಶುರು ಮಾಡೂಣು.